ಕೊರಟಗೆರೆಯ ಬೆಂಚು

ಆ ಬೆಂಚು ಹಸಿರು ಬಣ್ಣ ಬಳಿದ ಕಬ್ಬಿಣದ್ದು ಎಂದು ನನ್ನ ನೆನಪು. ಸಿಮೆಂಟಿನದು ಎಂದು ನಮ್ಮ ಬೀದಿಯ ಟೈಲರ್ ಸಾಹೇಬರು ಇವತ್ತಿಗೂ ವಾದಿಸುತ್ತಾರೆ. ಕೊರಟಗೆರೆ ಆಸ್ಪತ್ರೆಗೆ ಹೋಗಿ ನೋಡಿದರೆ ಮುಗಿಯಬೇಕಾದ ಜಗಳ ಇದು. ಆಮೇಲೆ ಎಷ್ಟೋ ಸಲ ಇಬ್ಬರೂ ಅಲ್ಲಿಗೆ ಹೋಗಿದ್ದೇವೆ. ಆದರೆ ಜಗಳ ಶುರುವಾಗುವಷ್ಟರಲ್ಲಿ ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಹಾಗಾಗಿ ತೀರ್ಮಾನವಾಗುವ ದಾರಿಯೇ ಇಲ್ಲ.

ನಾನು ಮಧುಗಿರಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುವವನು. ಒಬ್ಬ ಬರೆದಿಟ್ಟದ್ದನ್ನು ಇನ್ನೊಂದು ಕಡೆಯಿಂದ ಪರೀಕ್ಷಿಸದೆ ಒಪ್ಪಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಆ ಪಾಠ ನನಗೆ ಸ್ವಲ್ಪ ಜಾಸ್ತಿಯೇ ಹತ್ತಿತು. ಜಾತಕ, ನಾಟಿ ಔಷಧಿ, ಇಂಗ್ಲಿಷ್ ಔಷಧಿ, ಪತ್ರಿಕೆ, ಚುನಾವಣೆಯ ಭಾಷಣ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ಅನುಮಾನಿಸುತ್ತಾ ಬಂದೆ. ಅನುಮಾನಿಸದೆ ಉಳಿದದ್ದು ನನ್ನ ಜ್ಞಾಪಕಶಕ್ತಿ ಒಂದೇ. ಕೊನೆಗೆ ಅದೇ ಕೈಕೊಟ್ಟಿತು.

ಮೊದಲು ಗೊತ್ತಾದದ್ದು ತರಗತಿಯಲ್ಲಿ. ಶಿರಾ ಮೊಗಲರ ಸುಬಾ, ಅಂದರೆ ಪ್ರಾಂತ್ಯ, ಆಗಿದ್ದ ಕಾಲದ ಪಾಠ. ಪ್ರತಿ ವರ್ಷ ಹೇಳುವಂಥದ್ದು, ಒಂದು ವಾಕ್ಯ ಮುಗಿಯುವ ಮುಂಚೆ ಮುಂದಿನದು ತಾನಾಗಿ ಬಾಯಿಗೆ ಬರಬೇಕು. ಅವತ್ತು ಬರಲಿಲ್ಲ. ಸೀಮೆಸುಣ್ಣ ಹಿಡಿದು ಹಲಗೆಯ ಕಡೆ ತಿರುಗಿ ನಿಂತೆ. ಬೆನ್ನ ಹಿಂದೆ ತರಗತಿಯಲ್ಲಿ ಗುಸುಗುಸು ಶುರುವಾಯಿತು. ಅದಾದ ಮೇಲೆ ಮನೆಯಲ್ಲೂ ಹಾಗೇ. ಕೊತ್ತಂಬರಿ ಸೊಪ್ಪು ತರಲು ಹೋಗಿ ಬರಿಗೈಲಿ ಬರುವುದು. ನೀರಿನ ಮೋಟಾರು ಆರಿಸಿದೆನೋ ಇಲ್ಲವೋ ಎಂದು ಹೆಂಡತಿಯನ್ನು ಕೇಳುವುದು, ಕೇಳಿದ್ದನ್ನು ಮರೆತು ಮತ್ತೆ ಕೇಳುವುದು.

"ರೀ, ಇದನ್ನ ಆಗ್ಲೇ ಕೇಳಿದ್ರಿ. ಹೂಂ, ಆಫ್ ಮಾಡಿದೀರಾ. ಇನ್ನೇನು, ಮೋಟ್ರನ್ನೇ ಎತ್ಕಂಬಂದು ನಿಮ್ಮ ತೊಡೆ ಮೇಲಿಡ್ಲಾ?" ಎನ್ನುತ್ತಿದ್ದಳು.

ನನಗೆ ನಗು ಬರುತ್ತಿರಲಿಲ್ಲ. ಕಳ್ಳಂಬೆಳ್ಳದಲ್ಲಿದ್ದ ನಮ್ಮ ದೊಡ್ಡಪ್ಪ ಕಣ್ಣ ಮುಂದೆ ಬರುತ್ತಿದ್ದರು. ಅವರು ಕೊನೆಗಾಲದಲ್ಲಿ ಕೆರೆ ಏರಿಯ ಮೇಲೆ ನಿಂತು, ತಮ್ಮ ಮನೆಗೆ ಹೋಗುವ ದಾರಿ ಯಾವುದೆಂದು ಸ್ವಂತ ತಮ್ಮನನ್ನೇ, ಅಂದರೆ ನಮ್ಮಪ್ಪನನ್ನೇ, ಬಹಳ ಮರ್ಯಾದೆಯಿಂದ "ಸ್ವಾಮಿ" ಎಂದು ಕರೆದು ಕೇಳಿದ್ದರು. ಅದೇ ಕಾಯಿಲೆ ನನಗೂ ಬಂದಿದೆ ಎಂದು ತೀರ್ಮಾನಿಸಿದೆ. ಪಾಠದ ಮಧ್ಯೆ ಹುಡುಗರ ಮುಂದೆ ಪೂರ್ತಿ ಬರಿದಾಗುವ ಮೊದಲೇ ಸ್ವಯಂ ನಿವೃತ್ತಿ ತೆಗೆದುಕೊಳ್ಳುವುದು ಒಳ್ಳೆಯದೆಂದು ಯಾರಿಗೂ ಹೇಳದೆ ನಿರ್ಧರಿಸಿದೆ. ಪಾಠ ಹೇಳುವುದು ಬಿಟ್ಟರೆ ನನಗೆ ಬೇರೆ ಯಾವ ಕೆಲಸವೂ ಬಾರದು. ಅದು ಹೋದ ಮೇಲೆ ಉಳಿಯುವುದೇನು ಎಂದು ಯೋಚಿಸಲು ಧೈರ್ಯವಿರಲಿಲ್ಲ. ಆದರೂ ಒಮ್ಮೆ ವೈದ್ಯರಿಂದ ಖಚಿತಪಡಿಸಿಕೊಳ್ಳೋಣ ಎಂದುಕೊಂಡೆ. ಎರಡನೆಯ ಸಾಕ್ಷಿ ಇಲ್ಲದೆ ನನ್ನ ಕಾಯಿಲೆಯನ್ನೂ ನಂಬುವವನಲ್ಲ ನಾನು.

ಎಲ್ಲಿ ತೋರಿಸುವುದು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ವಾರಕ್ಕೊಂದು ದಿನ ಜಿಲ್ಲೆಯಿಂದ ಮನೋವೈದ್ಯರು ಬರುತ್ತಾರೆ. ಮಧುಗಿರಿಯಲ್ಲಿ ತೋರಿಸಿದರೆ ಸಂಜೆಯ ಹೊತ್ತಿಗೆ ಕಾಲೇಜಿಗೆಲ್ಲ ಸುದ್ದಿ. ಶಿರಾ ಹೆಂಡತಿಯ ತವರು, ಅಲ್ಲಿ ಬಸ್ಸಿಳಿದರೇ ಯಾರಾದರೂ ಭಾವಮೈದುನ ಸಿಗುತ್ತಾನೆ. ಪಾವಗಡದಲ್ಲಿ ಹಿಂದೆ ಕೆಲಸ ಮಾಡಿದ್ದೆ, ನನ್ನ ವಿದ್ಯಾರ್ಥಿಗಳು ಔಷಧಿ ಅಂಗಡಿಯಿಂದ ಆಸ್ಪತ್ರೆಯವರೆಗೆ ಎಲ್ಲ ಕಡೆ ತುಂಬಿಕೊಂಡಿದ್ದಾರೆ. ಉಳಿದದ್ದು ಕೊರಟಗೆರೆ.

ಹೆಂಡತಿಗೆ ಮೌಲ್ಯಮಾಪನದ ಕೆಲಸವೆಂದು ಹೇಳಿ ಬಸ್ಸು ಹತ್ತಿದೆ. ಆಸ್ಪತ್ರೆಯ ಕಾರಿಡಾರಿನ ಕೊನೆಯ ಕೋಣೆ. ಹೊರಗೆ ಒಂದೇ ಬೆಂಚು. ಕೂರಲಾಗದೆ ಗೋಡೆಯ ಮೇಲಿದ್ದ ಲಸಿಕೆ, ಕ್ಷಯ, ಕುಟುಂಬ ಯೋಜನೆಯ ಚಿತ್ರಗಳನ್ನೆಲ್ಲ ಓದಿದೆ. ತಿರುಗಿ ನೋಡಿದರೆ ಬೆಂಚಿನ ತುದಿಯಲ್ಲಿ ನಮ್ಮ ಬೀದಿಯ ಟೈಲರ್ ಸಾಹೇಬರು. ನನ್ನ ಮದುವೆಯ ಕೋಟು ಹೊಲಿದವರು. ದಿನಾ ಕಾಲೇಜಿನಿಂದ ಬರುವಾಗ ಕೈ ಎತ್ತಿ ಮಾತಾಡಿಸುವವರು.

"ಅರೆ, ಏನ್ ಸಾರ್ ನೀವಿಲ್ಲಿ?"

"ಬಿಪಿ ನೋಡಿಸೋಣ ಅಂತ ಬಂದೆ. ನೀವು?"

"ನಂದು ಶುಗರ್ ಸಾರ್."

ಬಿಪಿ ನೋಡಿಸಲು ಮಧುಗಿರಿಯಿಂದ ಇಲ್ಲಿಗೆ ಯಾಕೆ ಬಂದಿರಿ ಎಂದು ಅವರು ಕೇಳಲಿಲ್ಲ. ಅವರ ಶುಗರ್ ಇಷ್ಟು ದೂರ ಯಾಕೆ ಬಂತೆಂದು ನಾನೂ ಕೇಳಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ನಮ್ಮಿಬ್ಬರ ಮಧ್ಯೆ ಕೂತಿದ್ದ ವಯಸ್ಸಾದ ಹೆಂಗಸು ಮಾತ್ರ ಸುಮ್ಮನಿರಲಿಲ್ಲ.

"ಬಿಪಿ, ಶುಗರ್ರು ಆ ಕಡೆ ರೂಮು ಕದಪ್ಪಾ. ಇದು ಮನಸಿನ ಡಾಕ್ಟ್ರಮ್ಮಂದು. ನಾನು ಎದೆ ಡವಡವ ಅಂತೈತೆ, ನಿದ್ದೆ ಇಲ್ಲ ಅಂತ ಬಂದಿವ್ನಿ."

"ಯಾವೂರಮ್ಮಾ ನಿಮ್ದು?" ಎಂದರು ಸಾಹೇಬರು, ಮಾತು ಬದಲಿಸಲು.

"ಪಾವಗಡ ತಾವ. ಅಲ್ಲೂ ಆಸ್ಪತ್ರೆ ಐತೆ. ಆದ್ರೆ ಚೀಟಿ ಕೊಡೋನು ನಮ್ಮ ಸೊಸೆ ಅಣ್ಣ. ಎವರಿಕೀ ತೆಲೀಕೂಡ್ದು, ಯಾರ್ಗೂ ಗೊತ್ತಾಗ್ಬಾರ್ದು ಅಂತ ಇಲ್ಲಿಗಂಟ ಬಂದೆ ಕಣಪ್ಪಾ!"

ಯಾರಿಗೂ ಗೊತ್ತಾಗಬಾರದೆಂಬ ಮಾತನ್ನು ಆಕೆ ಕಾರಿಡಾರಿನ ಆ ತುದಿಯವರೆಗೆ ಕೇಳಿಸುವ ಹಾಗೆ ಹೇಳಿದಳು. ಮೊದಲು ನಕ್ಕವರು ಸಾಹೇಬರು. ಆಮೇಲೆ ನಾನೂ ನಕ್ಕೆನಂತೆ. ನಕ್ಕದ್ದು ನನಗೆ ನೆನಪಿಲ್ಲ.

ಮನೋವೈದ್ಯೆ ನನಗಿಂತ ಚಿಕ್ಕವರು. ನಾನು ಮರೆತ ಪ್ರಸಂಗಗಳನ್ನು ಒಂದೊಂದಾಗಿ, ವಾರ, ಸ್ಥಳ, ಎದುರಿಗಿದ್ದವರ ಸಮೇತ ಹೇಳಿದೆ. ದೊಡ್ಡಪ್ಪನ ಕಥೆಯನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನಿಮ್ಮ ದೊಡ್ಡಪ್ಪ ತಮಗೆ ಮರೆವಾಗ್ತಿದೆ ಅಂತ ಹೀಗೆ ಬಂದು ಹೇಳ್ತಿದ್ರಾ?" ಎಂದರು.

ಇಲ್ಲ. ದೊಡ್ಡಪ್ಪ ತಮಗೇನೂ ಆಗಿಲ್ಲವೆಂದು ಮನೆಯವರ ಜೊತೆ ಜಗಳವಾಡುತ್ತಿದ್ದರು. ಗಾಬರಿಯಾಗಿದ್ದವರು ಮನೆಯವರು.

ವೈದ್ಯೆ ಕೆಲವು ಪದಗಳನ್ನು ಹೇಳಿ, ಬೇರೆ ಮಾತಾಡಿ, ಆಮೇಲೆ ಅವನ್ನು ಕೇಳಿದರು. ನೂರರಿಂದ ಹಿಂದಕ್ಕೆ ಲೆಕ್ಕ ಹಾಕಿಸಿದರು. ನಂತರದ ಪ್ರಶ್ನೆಗಳು ನಾನು ನಿರೀಕ್ಷಿಸಿದ್ದವಲ್ಲ. ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬರುವುದಿಲ್ಲವೇ? ಊಟ ರುಚಿಸುತ್ತದೆಯೇ? ಮೊದಲು ಖುಷಿ ಕೊಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದೀರಿ? ಬದುಕಿ ಏನಾಗಬೇಕು ಅನ್ನಿಸುವುದುಂಟೇ? ಇದನ್ನೂ ಊಟದ ಪ್ರಶ್ನೆಯ ದನಿಯಲ್ಲೇ ಕೇಳಿದರು. ಸಾಯುವ ಯೋಚನೆ ಇಲ್ಲ, ಬೆಳಿಗ್ಗೆ ಏಳದೇ ಇದ್ದರೂ ಪರವಾಗಿಲ್ಲ ಅನ್ನಿಸಿದ್ದುಂಟು ಎಂದೆ. ಆ ಮಾತು ನನ್ನ ಬಾಯಿಂದ ಹೊರಬಂದದ್ದು ಕೇಳಿ ನನಗೇ ಆಶ್ಚರ್ಯವಾಯಿತು.

ರಕ್ತ ಪರೀಕ್ಷೆ ಬರೆದರು. ಥೈರಾಯ್ಡ್, ಬಿ ಹನ್ನೆರಡು ಇಂಥವು ಕಡಿಮೆಯಾದರೂ ಮನಸ್ಸು ಮಂಕಾಗುತ್ತದಂತೆ. ಮುಂದಿನ ವಾರ ಮನೆಯವರನ್ನು ಕರೆದುಕೊಂಡು ಬರಲು ಹೇಳಿದರು.

ಮೌಲ್ಯಮಾಪನದ ಸುಳ್ಳು ಅವತ್ತೇ ಮುಗಿಯಿತು. ಹೆಂಡತಿ ಬೈಯಲಿಲ್ಲ. ಮುಂದಿನ ವಾರ ನನ್ನ ಜೊತೆ ಬಂದು ವೈದ್ಯರ ಎದುರು ಕೂತು ಅವಳು ಹೇಳಿದ್ದು ಇಷ್ಟು: "ಮರೆವು ಅಲ್ಲ ಡಾಕ್ಟ್ರೇ. ಇವ್ರು ಮನೇಲೇ ಇರಲ್ಲ. ಕುರ್ಚಿ ಮೇಲೆ ಕೂತಿರ್ತಾರೆ, ಆದ್ರೆ ಇರಲ್ಲ. ನಾನು ಕೊತ್ತಂಬ್ರಿ ಸೊಪ್ಪು ಅಂದಿದ್ದು ಕಿವಿಗೇ ಬಿದ್ದಿರಲ್ಲ. ಬೀಳ್ದೇ ಇದ್ದದ್ದು ಹೆಂಗೆ ಮರೆಯುತ್ತೆ?"

ರಕ್ತ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ. ಖಿನ್ನತೆ, ಅದರ ಜೊತೆಗೆ ಆತಂಕ ಎಂದರು ವೈದ್ಯೆ. ಈ ಕಾಯಿಲೆಯಲ್ಲಿ ಗಮನ ನಿಲ್ಲುವುದಿಲ್ಲ, ಗಮನ ನಿಲ್ಲದೆ ನೆನಪು ಉಳಿಯುವುದಿಲ್ಲ, ನೆನಪಾಗಲಿಲ್ಲವೆಂದು ಭಯ ಹೆಚ್ಚಿ ಗಮನ ಇನ್ನೂ ತಪ್ಪುತ್ತದೆ. "ನೂರಕ್ಕೆ ನೂರು ಅಂತ ಹೇಳಲಾರೆ" ಎಂದೂ ಸೇರಿಸಿದರು. "ಚಿಕಿತ್ಸೆ ಕೊಟ್ಟು ನೋಡೋಣ. ಮನಸ್ಸು ಸುಧಾರಿಸಿದ ಮೇಲೂ ಮರೆವು ಹಾಗೇ ಉಳಿದರೆ ಮುಂದಿನ ಪರೀಕ್ಷೆ ಮಾಡಿಸೋಣ. ಅಲ್ಲಿಯವರೆಗೆ ಕೆಲಸ ಬಿಡೋದು, ಮನೆ ಮಾರೋದು, ಇಂಥ ದೊಡ್ಡ ತೀರ್ಮಾನ ಯಾವುದೂ ಬೇಡ."

ಖಂಡಿತ ಎಂದಿದ್ದರೆ ನಾನು ಅವರನ್ನು ನಂಬುತ್ತಿರಲಿಲ್ಲ. ಖಂಡಿತವಿಲ್ಲ ಎಂದದ್ದಕ್ಕೆ ಮಾತ್ರೆ ಶುರು ಮಾಡಿದೆ. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಿತು, ಗುಣವೇನೂ ಕಾಣಲಿಲ್ಲ. ನೋಡಿದೆಯಾ ಎಂದು ಹೆಂಡತಿಗೆ ಹೇಳಿದೆ. ಇದು ತಲೆನೋವಿನ ಮಾತ್ರೆಯಂತಲ್ಲ, ಕೆಲವು ವಾರ ಹಿಡಿಯುತ್ತದೆ, ನೀವಾಗಿ ನಿಲ್ಲಿಸಬೇಡಿ ಎಂದು ಡಾಕ್ಟರು ಮೊದಲೇ ಹೇಳಿರಲಿಲ್ಲವೇ ಎಂದಳು. ಹೇಳಿದ್ದರಂತೆ. ದಿನಾ ಬೆಳಿಗ್ಗೆ ಬೆಟ್ಟದ ಬುಡದವರೆಗೆ ನಡೆದು ಬರಬೇಕೆಂದೂ ಹೇಳಿದ್ದರಂತೆ. ಮನಸ್ಸಿರಲಿ ಬಿಡಲಿ, ಕಾಲು ಹೋಗಲಿ ಎಂದು.

ಸಾಹೇಬರ ಕಾಯಿಲೆ ಬೇರೆ. ಬೆಂಚಿನ ಮೇಲೆ ಸಿಕ್ಕ ದಿನವೇ, ಬಸ್ಸಿನಲ್ಲಿ ಒಟ್ಟಿಗೆ ವಾಪಸು ಬರುವಾಗ, ಕಿಟಕಿಯಾಚೆ ಚನ್ನರಾಯನದುರ್ಗದ ಬೆಟ್ಟ ಕಾಣುವಷ್ಟರಲ್ಲಿ ಹೇಳಿಕೊಂಡರು. ಅಂಗಡಿ ಮುಚ್ಚಿ ಮನೆಗೆ ಹೊರಟರೆ, ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಕಿತ್ತೆನೋ ಇಲ್ಲವೋ ಎಂಬ ಅನುಮಾನ. ತಿರುಗಿ ಹೋಗಿ ಶಟರ್ ಎತ್ತಿ ನೋಡುವುದು. ಮತ್ತೆ ಹೊರಟರೆ ಬೀಗದ ಅನುಮಾನ. ತಂಗಿಯ ಮಗಳ ನಿಕಾಹ್‌ಗೆ ಶಿರಾಕ್ಕೆ ಹೊರಟವರು ಅರ್ಧ ದಾರಿಯಲ್ಲಿ ಇಳಿದು ವಾಪಸಾಗಿದ್ದರು.

"ಕೈಗೆ ಗೊತ್ತು ಸಾರ್ ಪ್ಲಗ್ ಕಿತ್ತಿದೀನಿ ಅಂತ. ಕಣ್ಣಿಗೂ ಗೊತ್ತು. ದಿಲ್‌ಗೆ ಮಾತ್ರ ಗೊತ್ತಾಗಲ್ಲ. ಬೀಗ ಎಳ್ದೂ ಎಳ್ದೂ ಬೆರಳು ನೋಡಿ ಹೆಂಗಾಗೈತೆ."

"ಶಿರಾದಲ್ಲೇ ತೋರಿಸಬಹುದಿತ್ತಲ್ಲ?"

"ತೌಬಾ! ಶಿರಾದಾಗೆ ಎಲ್ಲ ನಮ್ಮ ರಿಶ್ತೇದಾರ್ರು, ನೆಂಟ್ರು. ಮಧುಗಿರೀಲಿ ಎಲ್ಲ ಗಿರಾಕಿಗಳು. ಪಾವಗಡದಾಗೆ ಮಗಳ ಅತ್ತೆ ಮನೆ. ಇನ್ನೆಲ್ಲಿಗೆ ಹೋಗ್ಲಿ ಸಾರ್?"

ನಾನು ಹಾಕಿದ್ದ ಅದೇ ಲೆಕ್ಕವನ್ನು ಅವರೂ ಹಾಕಿದ್ದರು. ಒಂದೇ ಬೀದಿಯ ಇಬ್ಬರು, ಒಬ್ಬರಿಗೊಬ್ಬರು ಗೊತ್ತಾಗಬಾರದೆಂದು ಒಂದೇ ಬೆಂಚಿಗೆ ಬಂದು ಕೂತಿದ್ದೆವು.

ಅವರಿಗೆ ವೈದ್ಯೆ ಮಾತ್ರೆಯ ಜೊತೆಗೆ ಒಂದು ಅಭ್ಯಾಸ ಹೇಳಿಕೊಟ್ಟಿದ್ದರು. ಅಂಗಡಿಯನ್ನು ಒಂದೇ ಸಲ ಮುಚ್ಚಬೇಕು, ತಿರುಗಿ ಹೋಗಬಾರದು. ಎದೆ ಎಷ್ಟೇ ಹೊಡೆದುಕೊಂಡರೂ ಹಾಗೇ ನಡೆಯಬೇಕು, ಭಯ ತಾನಾಗಿ ಇಳಿಯುವುದನ್ನು ಕಾಯಬೇಕು. ಇದು ನನಗೆ ಆಗ ಪೂರ್ತಿ ಗೊತ್ತಿರಲಿಲ್ಲ. ಸಂಜೆ ಕಾಲೇಜಿನ ಕೆಲಸ ಮುಗಿಸಿ ಬರುವಾಗ ಅವರ ಅಂಗಡಿಯ ಮುಂದೆ ನಿಲ್ಲುತ್ತಿದ್ದೆ. ಅವರು ಶಟರ್ ಎಳೆದು ಬೀಗ ಹಾಕಿ ನನ್ನ ಜೊತೆ ಹೆಜ್ಜೆ ಹಾಕುತ್ತಿದ್ದರು.

"ಸಾರ್, ಬೀಗ ಹಾಕಿದ್ದು ನೋಡಿದ್ರಲ್ಲಾ?"

"ನೋಡಿದೆ."

"ಪ್ಲಗ್ಗು?"

"ಅದನ್ನೂ ನೋಡಿದೆ."

ನಿಜ ಹೇಳಬೇಕೆಂದರೆ ನಾನು ಯಾವುದನ್ನೂ ನೋಡಿರುತ್ತಿರಲಿಲ್ಲ. ನನ್ನ ನೆನಪನ್ನು ನಾನೇ ನಂಬದ ಕಾಲದಲ್ಲಿ ಒಬ್ಬರಾದರೂ ನಂಬುತ್ತಾರಲ್ಲ ಎಂಬ ಸಣ್ಣ ಸಂತೋಷ ಮಾತ್ರ ಇತ್ತು.

ಒಂದು ಸಲ ಕೊರಟಗೆರೆಯಲ್ಲಿ ಸಾಹೇಬರು ನನ್ನನ್ನೂ ಒಳಗೆ ಎಳೆದುಕೊಂಡು ಹೋದರು. "ಇವ್ರೇ ಮೇಡಂ ನನ್ನ ದೋಸ್ತು. ಮನೇಲಿ ಕೇಳಿದ್ರೆ ಯಾರೂ ಉತ್ತರ ಕೊಡಲ್ಲ, ನೀವೇ ಬೇಡ ಅಂದಿದ್ರಂತೆ. ಇವ್ರು ಪಾಪ ದಿನಾ ಹೇಳ್ತಾರೆ."

ವೈದ್ಯೆ ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. "ನೀವಾ ಅದು? ಮನೆಯವರೆಲ್ಲ ಅಷ್ಟು ಕಷ್ಟಪಟ್ಟು ಸುಮ್ಮನಿದ್ದರೂ ಇವರಿಗೆ ಯಾಕೆ ಕಡಿಮೆಯಾಗ್ತಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ." ಆಮೇಲೆ ವಿವರಿಸಿದರು. ಒಂದು ಸಲ ಹೌದು ಎಂದರೆ ಅನುಮಾನಕ್ಕೆ ಒಂದು ತುತ್ತು ಹಾಕಿದ ಹಾಗೆ. ಮರುದಿನ ಅದು ಎರಡು ತುತ್ತು ಕೇಳುತ್ತದೆ. ಮಾತು ಮುಗಿಯಿತೆಂದು ನಾನು ಏಳುವಷ್ಟರಲ್ಲಿ, "ಅಂದ ಹಾಗೆ ನೀವು ಮನೆಯಲ್ಲಿ ಯಾರನ್ನ ಕೇಳ್ತೀರಿ?" ಎಂದರು.

ಇದನ್ನು ಮನೆಯಲ್ಲಿ ಹೇಳಿದ ದಿನದಿಂದ ನನ್ನ ಹೆಂಡತಿಯೂ ಉತ್ತರ ನಿಲ್ಲಿಸಿದಳು. ಮೋಟಾರಿನ ವಿಷಯ ಕೇಳಿದರೆ, "ನಂಗೊತ್ತಿಲ್ಲ ಕಣ್ರೀ. ತುಂಬಿ ಹರಿದ್ರೆ ಬೀದಿಯವ್ರು ಕೂಗ್ತಾರೆ ಬುಡಿ" ಎಂದು ಅನ್ನಕ್ಕೆ ಸಾರು ಬಡಿಸುತ್ತಿದ್ದಳು. ಮೊದಲು ಸಿಟ್ಟು ಬರುತ್ತಿತ್ತು. ತಟ್ಟೆಯ ಮುಂದೆ ಕೂತು ಭಯ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದೆ. ಯಾವ ದಿನವೆಂದು ಹೇಳಲಾರೆ, ಹಾಗೆ ಕೂತಿದ್ದಾಗ ಹುರುಳಿಕಾಳಿನ ಸಾರು ಚೆನ್ನಾಗಿದೆ ಅನ್ನಿಸಿತು. ಇನ್ನೊಂದು ಸೌಟು ಹಾಕಿಸಿಕೊಂಡೆ. ಅವಳು ಹಾಕಿ ಒಳಗೆ ಹೋದಳು, ಅಡುಗೆಮನೆಯಿಂದ ಬೇಗ ಹೊರಗೆ ಬರಲಿಲ್ಲ.

ಕಾಲೇಜಿನಲ್ಲಿ ಈಗಲೂ ಹೆಸರುಗಳು ತಪ್ಪಿಸಿಕೊಳ್ಳುತ್ತವೆ. ಮೊನ್ನೆ ಶಿರಾದ ಅದೇ ಪಾಠದಲ್ಲಿ ಒಬ್ಬ ಸುಬೇದಾರನ ಹೆಸರು ಬರಲಿಲ್ಲ. ಹಲಗೆಯ ಕಡೆ ತಿರುಗಲಿಲ್ಲ. "ಹೆಸರು ಆಮೇಲೆ ನೆನಪಾಗುತ್ತೆ, ಈಗ ಅವನು ಮಾಡಿದ ಕೆಲಸ ನೋಡೋಣ" ಎಂದು ಮುಂದುವರಿಸಿದೆ. ಗಂಟೆ ಹೊಡೆಯುವ ಮುಂಚೆ ಹೆಸರು ತಾನಾಗಿ ಬಂತು. ವೈದ್ಯೆ ಮತ್ತೆ ಪದಗಳನ್ನು ಹೇಳಿಸಿ, ಲೆಕ್ಕ ಹಾಕಿಸಿ ನೋಡಿದ್ದಾರೆ. ಸದ್ಯಕ್ಕೆ ಭಯಪಡುವಂಥದ್ದಿಲ್ಲ, ಮಾತ್ರೆ ಇನ್ನೂ ಕೆಲವು ತಿಂಗಳು ಇರಲಿ ಎಂದಿದ್ದಾರೆ. ಸ್ವಯಂ ನಿವೃತ್ತಿಯ ಯೋಚನೆಯನ್ನು ಬಿಟ್ಟೆ.

ಸಾಹೇಬರ ಜೊತೆಗಿನ ಸಂಜೆಯ ನಡಿಗೆಯನ್ನು ಬಿಟ್ಟಿಲ್ಲ. ಉತ್ತರ ಕೊಡಬಾರದೆಂದು ಗೊತ್ತಾದ ಮೇಲೆ ಕೆಲವು ದಿನ ಮಾತು ಮರೆಸಿ ತಪ್ಪಿಸಿಕೊಂಡೆ. ಒಂದು ಸಂಜೆ ಅವರು ಬಿಡಲಿಲ್ಲ. ಅಂಗಡಿಯಿಂದ ಸ್ವಲ್ಪ ದೂರ ಬಂದಿದ್ದೆವು. ನನ್ನ ತೋಳು ಹಿಡಿದು ನಿಲ್ಲಿಸಿದರು. ಹಣೆಯ ಮೇಲೆ ಬೆವರಿತ್ತು.

"ಒಂದೇ ಸಲ ಹೇಳಿ ಸಾರ್. ಬೀಗ ಹಾಕಿದ್ದು ನೋಡಿದ್ರಾ ಇಲ್ವಾ?"

ಹಾಕಿದ್ದರೇ? ನಾನು ಯೋಚಿಸಿದೆ. ಅವರು ಶಟರ್ ಎಳೆಯುವಾಗ ನಾನು ಎದುರಿನ ಮನೆಯ ತಾರಸಿಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ನೋಡುತ್ತಿದ್ದೆ.

"ನೆನಪಿಲ್ಲ ಸಾಹೇಬ್ರೆ" ಎಂದೆ.

ಎಷ್ಟೋ ತಿಂಗಳಿಂದ ಹೇಳಲು ಹೆದರುತ್ತಿದ್ದ ಮಾತು ಅದು. ಹೇಳಿದಾಗ ಏನೂ ಆಗಲಿಲ್ಲ. ಸಾಹೇಬರು ಅಂಗಡಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಪಕ್ಕದ ಕಟ್ಟೆಯ ಮೇಲೆ ಕೂತರು. ನಾನೂ ಕೂತೆ. ಅವರ ಮೊಣಕಾಲು ಕುಣಿಯುತ್ತಿತ್ತು. ಬಸ್ಸೊಂದು ಹೋಯಿತು, ಹಿಂದೆಯೇ ಹುಲ್ಲಿನ ಟ್ರ್ಯಾಕ್ಟರು ಹೋಯಿತು. ಮೊಣಕಾಲು ನಿಧಾನವಾಗಿ ನಿಂತಿತು. ಕರ್ಚೀಫಿನಲ್ಲಿ ಮುಖ ಒರೆಸಿಕೊಂಡು ಎದ್ದರು. ಅಂಗಡಿಯ ಕಡೆ ಅಲ್ಲ, ಮನೆಯ ಕಡೆ.

"ನೆನಪಿಲ್ಲ ಅಂತ ನೀವೇ ಒಪ್ಕಂಡ್ರಲ್ಲ ಸಾರ್" ಎಂದರು ನಾಲ್ಕು ಹೆಜ್ಜೆ ನಡೆದ ಮೇಲೆ. "ಹಂಗಾದ್ರೆ ಆ ಬೆಂಚು ಸಿಮೆಂಟಿಂದೇ."

"ಅದು ಮಾತ್ರ ಕಬ್ಬಿಣದ್ದು" ಎಂದೆ. "ಹಸಿರು."