ಒಂದು ದಿನ ತಡವಾದ ದಶಮಿ

ಹಳೆಯ ಎಲೆಕ್ಟ್ರಾನಿಕ್ ಸಾಮಾನು ತೆಗೆದುಕೊಳ್ಳುವವರಿಗೆ ಕೊಟ್ಟುಬಿಡೋಣವೆಂದು ಮೊನ್ನೆ ಶನಿವಾರ ಕ್ಲಾಸೆಟ್ಟಿನ ತಳದಲ್ಲಿದ್ದ ನನ್ನ ಮೊದಲ ಲ್ಯಾಪ್‌ಟಾಪನ್ನು ಹೊರಗೆಳೆದೆ. ಈಗಿನವುಗಳ ಮುಂದೆ ಅದು ಒರಳುಕಲ್ಲಿನಷ್ಟು ಭಾರ. ಮುಚ್ಚಳ ಎತ್ತಿದರೆ ಕೀಲಿನ ಸಂದಿಯಲ್ಲಿ ಇನ್ನೂ ಕುಂಕುಮ ಕೂತಿತ್ತು. ಕೀಬೋರ್ಡಿನ ನಡುವೆ ಅಕ್ಷತೆಯ ಒಂದೆರಡು ಕಾಳು. ಮೂಗಿನ ಹತ್ತಿರ ತಂದುಕೊಂಡೆ. ಧೂಳಿನ ಅಡಿಯಲ್ಲಿ ಕರ್ಪೂರದ ವಾಸನೆ ಇತ್ತು, ಅಥವಾ ಇರಲೇಬೇಕೆಂದು ನನ್ನ ಮೂಗು ಹಟ ಹಿಡಿಯಿತೋ ಏನೋ... ಕಾರಿನ ಡಿಕ್ಕಿಗೆ ಹಳೆಯ ಪ್ರಿಂಟರು, ಸತ್ತ ಫೋನುಗಳನ್ನೆಲ್ಲ ತುಂಬುತ್ತಿದ್ದ ನನ್ನ ಗಂಡ, "ಅದನ್ನೂ ಕೊಡು, ಜಾಗ ಇದೆ" ಎಂದ. "ಇದು ಇರ್ಲಿ ಬಿಡು" ಎಂದು ಒಳಗೆ ತಂದಿಟ್ಟುಕೊಂಡೆ.

ಆ ಕುಂಕುಮ ಇಟ್ಟವರನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದದ್ದು. ಈಗ್ಗೆ ಹದಿನೆಂಟಿಪ್ಪತ್ತು ವರ್ಷದ ಹಿಂದೆ, ಸಿಯಾಟಲ್ ಪಕ್ಕದ ರೆಡ್ಮಂಡಿನ ಎಜುಕೇಶನ್ ಹಿಲ್‌ನಲ್ಲಿ ಅವರ ಮನೆಯ ಬೇಸ್‌ಮೆಂಟಿನಲ್ಲಿ ನಾನು ಬಾಡಿಗೆಗಿದ್ದೆ. ಮದುವೆಯಾಗಿರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ, ಯಾರ ಹಂಗೂ ಬೇಡವೆಂಬ ಧಿಮಾಕು ಮಾತ್ರ ಬೇಕಾದಷ್ಟಿತ್ತು. ಬಂದ ಹೊಸತರಲ್ಲಿ ಮೇಲಿನ ಮನೆಯವರ ಕಣ್ಣಿಗೆ ಬೀಳದಂತೆ ಹಿಂದಿನ ಬಾಗಿಲಿನಿಂದಲೇ ಓಡಾಡುತ್ತಿದ್ದೆ. ಒಂದು ದಿನ ಉಪ್ಪು ತೀರಿಹೋಗಿ ಮೇಲೆ ಹೋಗಲೇಬೇಕಾಯಿತು. ಬಾಗಿಲು ತೆರೆದ ಅಕ್ಕ, "ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ ಅಂತ ಕಾಯ್ತಾ ಇದ್ದೆ ಕಣೇ. ಬಾ, ಬಿಸಿ ಉಪ್ಪಿಟ್ಟಿದೆ" ಎಂದರು. ಆಮೇಲೆ ನಾನು ಕೆಳಗೆ ಅಡುಗೆ ಮಾಡಿದ್ದು ಅಷ್ಟರಲ್ಲೇ ಇದೆ.

ನಾನು ಡಿಸೈನ್ ಓದಿದವಳು. ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪರದೆಯ ಮೇಲಿನ ಬಟನ್‌ಗಳನ್ನು ಬಿಡಿಸುವ ಕಾಂಟ್ರಾಕ್ಟ್ ಕೆಲಸ. ಬಟನ್ ಒತ್ತಿದಾಗ ಒತ್ತಿದ ಹಾಗೆ ಕಾಣಬೇಕು, ಬಿಟ್ಟಾಗ ಬಿಟ್ಟ ಹಾಗೆ ಕಾಣಬೇಕು; ಒಂದೂವರೆ ವರ್ಷ ಅದನ್ನೇ ಮಾಡಿದೆ. ವರ್ಷದ ಕೊನೆಗೆ ಕಾಂಟ್ರಾಕ್ಟ್ ಮುಗಿಯುವುದಿತ್ತು. ನನ್ನ ವೀಸಾ ಕೆಲಸಕ್ಕೆ ಅಂಟಿಕೊಂಡಿದ್ದರಿಂದ ಅಷ್ಟರೊಳಗೆ ಇನ್ನೊಂದು ಕೆಲಸ ಹಿಡಿಯಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಅದೃಷ್ಟವೆಂದೇ ಹೇಳಬೇಕು, ಮೂರು ಊರುಗಳಿಂದ ಕರೆ ಬಂತು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಸಂಬಳ ಹೆಚ್ಚು, ಆದರೆ ಮತ್ತೆ ಅದೇ ಬಟನ್‌ಗಳು. ಶಿಕಾಗೋದಲ್ಲಿ ಕಾಲೇಜಿನ ಗೆಳತಿಯರಿದ್ದರು. ನ್ಯೂಯಾರ್ಕಿನದು ಪುಸ್ತಕಗಳಿಗೆ ರಕ್ಷಾಪುಟ ಮಾಡುವ ಪುಟ್ಟ ಸ್ಟುಡಿಯೋ. ಕಾಗದ, ಶಾಯಿ, ಕೈಗೆ ಸಿಗುವ ಕೆಲಸ. ಆದರೆ ಸಂಬಳ ಕಡಿಮೆ, ಗುರುತಿನವರು ಒಬ್ಬರೂ ಇಲ್ಲ.

ಅಳೆದೂ ಸುರಿದೂ ನನ್ನ ತಲೆ ಕೆಟ್ಟುಹೋಯಿತು. ಬೆಳಿಗ್ಗೆ ಬಸ್ಸು ಹತ್ತುವಾಗ ಶಿಕಾಗೋ ಎಂದು ನಿಶ್ಚಯವಾಗಿರುತ್ತಿತ್ತು, ಸಂಜೆ ಗುಡ್ಡ ಹತ್ತಿ ಬರುವಷ್ಟರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ. ಲ್ಯಾಪ್‌ಟಾಪಿನಲ್ಲಿ ಆ ಊರುಗಳ ಬಾಡಿಗೆ ಮನೆಗಳನ್ನು, ಅವುಗಳ ಕಿಟಕಿಗಳನ್ನು, ಕಿಟಕಿಯಾಚೆಯ ಬೀದಿಗಳನ್ನು ನೋಡುತ್ತ ಕೂತರೆ ಊಟ ನೆನಪಾಗುತ್ತಿರಲಿಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಪ್ರತಿ ಸಂಜೆಯೂ ಮೇಲೆ ಹೋಗಿ ಆ ದಿನದ ಊರನ್ನು ಅಕ್ಕನಿಗೆ ಹೇಳುವುದು, ಅವರು ಒಗ್ಗರಣೆ ಹಾಕುತ್ತ ಕೇಳುವುದು ನಡೆದೇ ಇತ್ತು. "ಎರಡು ದೋಣೀಲಿ ಕಾಲಿಡೋರನ್ನ ನೋಡಿದೀನಿ. ನೀನು ಮೂರರಲ್ಲಿ ಇಟ್ಟಿದೀಯಲ್ಲ, ಮೂರನೇ ಕಾಲು ಎಲ್ಲಿಂದ ತಂದೆ?" ಎಂದು ಒಮ್ಮೆ ಕೇಳಿದ್ದರು.

ಅಕ್ಕ ಮೈಸೂರಿನಲ್ಲಿ ಬ್ಯಾಂಕಿನ ಕೆಲಸ ಬಿಟ್ಟು ಬಂದವರು. ಇಲ್ಲಿ ಅವರ ವೀಸಾದಲ್ಲಿ ದುಡಿಯುವ ಹಾಗಿರಲಿಲ್ಲ. ಭಾವನ ಕಂಪನಿ ಎಲ್ಲಿಗೆ ಕಳಿಸಿತೋ ಅಲ್ಲಿಗೆ ಸಂಸಾರ ಹೊರಡಬೇಕು. ಡೆಟ್ರಾಯಿಟ್, ಟ್ಯಾಂಪಾ, ಕೊಲಂಬಸ್, ಡಲ್ಲಾಸ್, ಆಮೇಲೆ ರೆಡ್ಮಂಡ್. ಪ್ರತಿ ಊರಿಗೂ ಅವರ ಜೊತೆ ದಸರಾ ಗೊಂಬೆಗಳ ಪೆಟ್ಟಿಗೆಗಳು ಹೋಗಿದ್ದವು. ಪಟ್ಟದ ರಾಜನ ಮೂಗು ಟ್ಯಾಂಪಾದಲ್ಲಿ ಮುಕ್ಕಾಯಿತು, ಶೆಟ್ಟರ ಅಂಗಡಿಯ ತಕ್ಕಡಿ ಕೊಲಂಬಸ್‌ನಲ್ಲಿ ಕಳೆದುಹೋಯಿತು. ಊರುಗಳ ನೆನಪು ಅವರಿಗೆ ಹಾಗೆಯೇ ಇದ್ದದ್ದು.

ಅವರಿಗೊಂದು ಹಟವಿತ್ತು. ಹಬ್ಬದ ದಿನಗಳನ್ನು ಇಂಡಿಯಾದ ಕ್ಯಾಲೆಂಡರಿನ ಪ್ರಕಾರ ಮಾಡಬೇಕೋ ಇಲ್ಲಿನ ಪಂಚಾಂಗದ ಪ್ರಕಾರವೋ ಎನ್ನುವ ಜಗಳ ಇಲ್ಲಿನ ನಮ್ಮವರಲ್ಲಿ ಇಂದಿಗೂ ಮುಗಿದಿಲ್ಲ. ಅಲ್ಲಿ ನಾಳೆ ಎಂದಿರುವ ತಿಥಿ ಎಷ್ಟೋ ಸಲ ಇಲ್ಲಿ ಇವತ್ತೇ ಬಂದುಬಿಡುತ್ತದೆ. ಹೆಚ್ಚಿನ ಮನೆಗಳಲ್ಲಿ ಊರಿಂದ ತಂದ ಗೋಡೆ ಕ್ಯಾಲೆಂಡರೇ ವೇದವಾಕ್ಯ. ಅಕ್ಕ ಮಾತ್ರ ಇಲ್ಲಿನ ದೇವಸ್ಥಾನದವರು ಕೊಡುವ ಪಂಚಾಂಗದ ಹಾಳೆಯನ್ನು ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ ಹಾಕಿ ಅಂಟಿಸಿಕೊಂಡಿದ್ದರು. ಇಸ್ಸಾಕ್ವಾದ ಒಬ್ಬರ ಮನೆಯ ಊಟದಲ್ಲಿ ಈ ಮಾತು ಬಂದು ಹಿರಿಯರೊಬ್ಬರಿಗೇ ಎದುರಾಡಿದ್ದನ್ನು ನಾನೇ ಕೇಳಿದ್ದೇನೆ. "ಸೂರ್ಯ ಇಲ್ಲಿ ಹುಟ್ಟೋವಾಗ ಅಲ್ಲಿನ ಕ್ಯಾಲೆಂಡರ್ ಇಟ್ಕೊಂಡು ಏನ್ ಮಾಡ್ತೀರಿ? ಇರೋ ಕಡೆ ಇರೋದನ್ನ ಕಲೀಬೇಕು." ಊಟಕ್ಕೆ ಕರೆದವರ ಮುಖ ನೋಡುವ ಹಾಗಿರಲಿಲ್ಲ.

ಆ ವರ್ಷದ ದಸರಾಕ್ಕೆ ಸರಿಯಾಗಿ ನ್ಯೂಯಾರ್ಕಿನವರು ಗಡುವು ಕೊಟ್ಟರು. ಗುರುವಾರ ಅವರ ಆಫೀಸು ಮುಚ್ಚುವುದರೊಳಗೆ ಒಪ್ಪಿಗೆಯ ಈಮೇಲ್ ಬರಬೇಕು, ಇಲ್ಲವಾದರೆ ಇನ್ನೊಬ್ಬರನ್ನು ಕರೆಯುತ್ತೇವೆ ಎಂದರು. ಅವರ ಆಫೀಸು ಮುಚ್ಚುವಾಗ ನಮಗಿಲ್ಲಿ ಮಧ್ಯಾಹ್ನ. ಇದನ್ನೂ ಅಕ್ಕನಿಗೆ ಹೇಳಿದೆ.

ಸೋಮವಾರ ಅಕ್ಕ ಸರಸ್ವತಿ ಪೂಜೆಗೆ ಮಗಳ ಪುಸ್ತಕಗಳನ್ನು ಜೋಡಿಸುತ್ತಿದ್ದರು. ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟಬಾರದು, ಓದಬಾರದು, ಬರೆಯಬಾರದು. ಚಿಕ್ಕಂದಿನಲ್ಲಿ ನಮಗೆ ಅದಕ್ಕಿಂತ ದೊಡ್ಡ ಹಬ್ಬ ಬೇರೆ ಇರಲಿಲ್ಲ. "ನಿನ್ನ ಲ್ಯಾಪ್‌ಟಾಪೂ ತಗೊಂಡ್ ಬಾ. ನಿನ್ನ ವಿದ್ಯೆ ಅದರಲ್ಲೇ ಅಲ್ವಾ ಇರೋದು" ಎಂದರು. ನಾನು ಗಡುವಿನ ಮಾತು ತೆಗೆದೆ. ಅಕ್ಕ ಫ್ರಿಜ್ಜಿನ ಮೇಲಿನ ಹಾಳೆಯತ್ತ ಬೆರಳು ಮಾಡಿ, "ದಶಮಿ ಗುರುವಾರವೇ ಇದೆ ನೋಡು. ಬೆಳಿಗ್ಗೆ ಪೂಜೆ ಮಾಡಿ ಕೊಟ್ಬಿಡ್ತೀನಿ. ಮೂರು ದಿನ ಆ ಬಾಡಿಗೆ ಮನೆಗಳ ಕಿಟಕಿ ನೋಡೋದನ್ನ ನಿಲ್ಲಿಸು, ಪುಣ್ಯ ಬರುತ್ತೆ" ಎಂದರು. ತಂದುಕೊಟ್ಟೆ. ಮುಚ್ಚಳದ ಮೇಲೆ ಅರಿಸಿನ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ಎರಡನೇ ಕ್ಲಾಸಿನ ಗಣಿತದ ಪುಸ್ತಕದ ಪಕ್ಕ ಕೂರಿಸಿದರು.

ಆ ದಿನಗಳಲ್ಲಿ ನನ್ನ ಕೈಗಳಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಆಫೀಸಿನಿಂದ ಬಂದವಳು ಬೇಸ್‌ಮೆಂಟಿನಲ್ಲಿ ಗೋಡೆಯಿಂದ ಗೋಡೆಗೆ ಓಡಾಡುತ್ತಿದ್ದೆ. ಕೊನೆಗೆ ಮೇಲೆ ಹೋಗಿ ಅಕ್ಕನ ಗೊಂಬೆಗಳ ಮೆಟ್ಟಿಲುಗಳ ಕೆಳಗೆ ಒಂದು ಊರು ಕಟ್ಟಲು ಕೂತೆ. ರಟ್ಟಿನ ಮನೆಗಳು, ಬಣ್ಣದ ಕಾಗದದ ಅಂಗಡಿ ಸಾಲು, ಅಂಗಡಿಗಳಿಗೆ ಕೈಯಲ್ಲೇ ಬರೆದ ಪುಟ್ಟ ಬೋರ್ಡುಗಳು. ಕತ್ತರಿ ಹಿಡಿದು ಕೂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ, ಮೂರು ಊರುಗಳೂ ಮರೆತಿರುತ್ತಿದ್ದವು. ಅಕ್ಕ ಕೊಬ್ಬರಿ ಮಿಠಾಯಿ ಕೊಯ್ಯುತ್ತ ನನ್ನನ್ನೇ ನೋಡುತ್ತಿದ್ದರು. "ಯಾವೂರೇ ಇದು?" ಎಂದು ಕೇಳಿದರು. "ಯಾವ್ದೂ ಅಲ್ಲ ಅಕ್ಕ, ಸುಮ್ನೆ" ಎಂದೆ. "ಇದಕ್ಕಾದ್ರೂ ಒಂದು ಹೆಸರಿಡು ತಾಯಿ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನೀನು ಹೋದ್ಮೇಲೆ ಮುಂದಿನ ವರ್ಷ ಇದನ್ನ ಯಾರು ಕಟ್ತಾರೆ..." ಎಂದರು. ಆ ಮಾತಿಗೆ ನಾನು ಕಿವಿಗೊಡಲಿಲ್ಲ, ಬೋರ್ಡಿನ ಅಕ್ಷರಗಳಲ್ಲಿ ಮುಳುಗಿದ್ದೆ.

ಗುರುವಾರ ಆಫೀಸಿಗೆ ರಜೆ ಹಾಕಿ, ತಲೆಗೆ ಎರೆದುಕೊಂಡು ಮೇಲೆ ಹೋದೆ. ಹಯಗ್ರೀವದ ಘಮ ಮನೆ ತುಂಬಿತ್ತು. "ಅಕ್ಕ, ಪೂಜೆ ಆಯ್ತಾ? ಲ್ಯಾಪ್‌ಟಾಪ್ ತಗೊಳ್ಲಾ?" ಎಂದೆ. ಅಕ್ಕ ಒಲೆಯ ಕಡೆಯಿಂದ ತಿರುಗಲಿಲ್ಲ.

"ಇವತ್ತಲ್ಲ ಕಣೇ. ದಶಮಿ ನಾಳೆ."

ಫ್ರಿಜ್ಜಿನ ಮೇಲೆ ನೋಡಿದೆ. ದೇವಸ್ಥಾನದ ಹಾಳೆ ಇರಲಿಲ್ಲ. ಅದರ ಜಾಗದಲ್ಲಿ ಮೈಸೂರಿನ ಗೋಡೆ ಕ್ಯಾಲೆಂಡರ್ ನೇತಾಡುತ್ತಿತ್ತು. ಅದರಲ್ಲಿ ವಿಜಯದಶಮಿ ಶುಕ್ರವಾರ.

ಗಡಿಯಾರ ನೋಡಿದೆ; ಗಡುವಿಗೆ ಉಳಿದದ್ದು ಕೆಲವೇ ಗಂಟೆ. ಆದರೆ ನಿಜ ಹೇಳುತ್ತೇನೆ, ಮರುಕ್ಷಣವೇ ಒಳಗೆ ಏನೋ ಹಗುರಾಯಿತು. ಲೈಬ್ರರಿಗೆ ಹೋಗಿ ಅಲ್ಲಿನ ಕಂಪ್ಯೂಟರಿನಿಂದ ಈಮೇಲ್ ಕಳಿಸಬಹುದಿತ್ತು. ನ್ಯೂಯಾರ್ಕಿಗೆ ಫೋನ್ ಮಾಡಿ ಒಂದು ಮಾತು ಹೇಳಬಹುದಿತ್ತು. ಅವೆರಡೂ ಹೊಳೆದವು, ಹೊಳೆದರೂ ನಾನು ಕದಲಲಿಲ್ಲ. ಯಾರೋ ನನ್ನ ಪರವಾಗಿ ಒಂದು ಬಾಗಿಲು ಮುಚ್ಚುತ್ತಿದ್ದಾರೆ, ಮುಚ್ಚಲಿ ಅನ್ನಿಸಿತು. ಸುಮ್ಮನೆ ಕುರ್ಚಿ ಎಳೆದುಕೊಂಡು ಕೂತೆ. ಅಕ್ಕ ಒಂದು ಲೋಟ ಕಾಫಿ ತಂದು ಮುಂದಿಟ್ಟರು, ನನ್ನ ಮುಖ ನೋಡದೆ.

ಅಷ್ಟರಲ್ಲಿ ಭಾವ ಪಂಚೆ ಉಟ್ಟು ಹೊರಗೆ ಬಂದರು. ಹಬ್ಬಕ್ಕೆಂದು ಅವರೂ ರಜೆ ಹಾಕಿದ್ದರು. ಪುಸ್ತಕಗಳು ಇನ್ನೂ ಕದಲದೆ ಕೂತದ್ದನ್ನು ನೋಡಿದರು, ಫ್ರಿಜ್ಜಿನ ಕಡೆ ನೋಡಿದರು. "ಇದೇನೇ ಇದು? ಸೂರ್ಯ ಇಲ್ಲಿ ಹುಟ್ಟೋದು ಅಂತ ಊರಿಗೆಲ್ಲ ಪಾಠ ಹೇಳ್ತಿದ್ದೋಳು, ಈಗ ನೀನೇ ಮೈಸೂರು ಕ್ಯಾಲೆಂಡರ್ ಹಿಡ್ಕೊಂಡ್ಯಾ?" ಎಂದು ಜೋರಾಗಿ ನಕ್ಕರು. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ.

ಅಕ್ಕ ಒಲೆ ಆರಿಸಿದರು. ಸೆರಗಿನಲ್ಲಿ ಕೈ ಒರೆಸಿಕೊಂಡರು. ಅವರ ಮುಖ ನೋಡಿ ಭಾವ ನಗು ನಿಲ್ಲಿಸಿ ಪೇಪರು ಹುಡುಕುವವರಂತೆ ಒಳಗೆ ಹೋದರು.

"ಎಷ್ಟು ಊರು ತಿರುಗಿದೀನಿ ನಾನು," ಎಂದರು ಅಕ್ಕ. "ಒಂದನ್ನೂ ನಾನ್ ಆರಿಸಿದ್ದಲ್ಲ. ಯಾರೂ ಕೇಳ್ಲೂ ಇಲ್ಲ. ನೀನು ಕೆಳಗೆ ಬಂದ್ಮೇಲೆ, ಮೊದಲನೇ ಸಲ ಕಣೇ, ಕೇಳಿದ್ರೆ ಇದೇ ಊರು ಅಂತಿದ್ದೆ ಅನ್ನಿಸ್ತು. ಅದಕ್ಕೇ ನಿನ್ನನ್ನ ಒಂದು ದಿನ ಹಿಡ್ಕೊಂಡು ನೋಡಿದೆ."

ಅಕ್ಕ ಪೂಜೆಯ ಮುಂದೆ ಕೂತು, ದೀಪಕ್ಕೆ ಎಣ್ಣೆ ಹಾಕಿ, ಕರ್ಪೂರ ಬೆಳಗಿದರು. ಅಕ್ಷತೆ ಹಾಕಿ, "ಪುನರಾಗಮನಾಯ ಚ" ಎಂದು ಬಾಯಲ್ಲೇ ಹೇಳಿಕೊಂಡು, ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಉತ್ತರಕ್ಕೆ ಒಂದಿಷ್ಟು ಸರಿಸಿದರು. ಪೂಜೆ ಮುಗಿಯಿತು, ಮತ್ತೆ ಬಾ ಎಂದು ದೇವರನ್ನು ಕಳಿಸಿಕೊಡುವ ಕ್ರಮ ಅದು. ಆಮೇಲೆ ಅದನ್ನು ನನ್ನ ತೊಡೆಯ ಮೇಲಿಟ್ಟರು.

"ತಗೋ. ಯಾವೂರಿಗಾದ್ರೂ ಬರಿ, ಆದ್ರೆ ನೀನೇ ಬರಿ. ಪಂಚಾಂಗ ಬರೀಬಾರ್ದು, ನಾನೂ ಬರೀಬಾರ್ದು."

ಕುರ್ಚಿಯಿಂದಿಳಿದು ಅಲ್ಲೇ ನೆಲದ ಮೇಲೆ ಕೂತು ನ್ಯೂಯಾರ್ಕಿಗೆ ಒಪ್ಪಿಗೆ ಬರೆದೆ. ನಾಲ್ಕು ಸಾಲು. ಬೆರಳಿನ ಕುಂಕುಮವೆಲ್ಲ ಕೀಬೋರ್ಡಿಗೆ ಹತ್ತಿತು. ಆ ಮಾತು ಕೇಳಿದ ಮೇಲೂ ಕುರ್ಚಿಯಲ್ಲಿ ಕೂತೇ ಇದ್ದಿದ್ದರೆ ನನ್ನ ಮುಖ ನಾನು ನೋಡಿಕೊಳ್ಳಲಾಗುತ್ತಿರಲಿಲ್ಲ. ಕಳಿಸಿದ ಮೇಲೆ ತಲೆಯೆತ್ತಿದರೆ ಅಕ್ಕ ಅಳುತ್ತಿದ್ದರು, ಅಳುತ್ತಲೇ ಹಯಗ್ರೀವ ಬಡಿಸುತ್ತಿದ್ದರು. "ಹೆಸರಿಟ್ಟೆಯಲ್ಲ, ಬಿಡು" ಎಂದರು.

ನ್ಯೂಯಾರ್ಕಿನಲ್ಲಿ ಒಂಬತ್ತು ವರ್ಷ ಇದ್ದೆ. ಕೆಲಸ ಕಲಿತೆ, ಹಸಿವೂ ಕಲಿತೆ, ಆ ಊರನ್ನು ಬಯ್ಯುತ್ತ ಪ್ರೀತಿಸಿದೆ. ನಾನು ಹೊರಟ ಮಾರನೆಯ ವರ್ಷವೇ ಭಾವನ ಕಂಪನಿ ಅವರನ್ನು ಫೀನಿಕ್ಸಿಗೆ ಕಳಿಸಿತು. ಫೋನಿನಲ್ಲಿ ಅಕ್ಕ, "ಇದನ್ನೂ ನಾನ್ ಆರಿಸಿದ್ದಲ್ಲ. ಆದ್ರೆ ಬಿಸಿಲು ನೋಡು, ಒಂದೇ ದಿನಕ್ಕೆ ಸಂಡಿಗೆ ಒಣಗುತ್ತೆ" ಎಂದು ನಗುತ್ತಿದ್ದರು. ಫೋನುಗಳು ತಿಂಗಳಿಗೊಮ್ಮೆ ಆದವು, ಆಮೇಲೆ ಹಬ್ಬಕ್ಕೊಮ್ಮೆ... ಅಕ್ಕನ ಕಾಯಿಲೆಯ ಸುದ್ದಿ ತಿಳಿದು ಹೋಗಬೇಕೆಂದುಕೊಂಡೆ, ಟಿಕೆಟ್ ನೋಡಿದೆ, ಈ ವಾರವೋ ಮುಂದಿನ ವಾರವೋ ಎಂದು ಮತ್ತೆ ಅಳೆದೆ, ಸುರಿದೆ. ಅಷ್ಟರಲ್ಲಿ ಭಾವನ ಫೋನ್ ಬಂತು.

ಈಗ ನಾವಿರುವುದು ಅದೇ ಸಿಯಾಟಲ್ ಪಕ್ಕದ ಲಿನ್‌ವುಡ್‌ನಲ್ಲಿ. ಮತ್ತೆ ಊರು ಬದಲಿಸುವ ಮಾತು ಬಂದಾಗ, ಎಲ್ಲಿಗೆ ಎಂದು ನನ್ನ ಗಂಡ ಕೇಳಿದ್ದ. ಸಿಯಾಟಲ್ ಎಂದು ನಾನು ಒಂದು ಕ್ಷಣವೂ ಯೋಚಿಸದೆ ಹೇಳಿದ್ದಕ್ಕೆ ಅವನಿಗೆ ಇಂದಿಗೂ ಆಶ್ಚರ್ಯ. ಎಜುಕೇಶನ್ ಹಿಲ್‌ನ ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಗೋಡೆಗೆ ಬೂದು ಬಣ್ಣ ಹೊಡೆಸಿದ್ದಾರೆ, ನೋಡಿಕೊಂಡು ಹಾಗೇ ಬಂದೆ.

ಬರುವ ವಾರ ದಸರಾ. ನಮ್ಮ ಮನೆಯಲ್ಲಿ ಇಲ್ಲಿನ ಪಂಚಾಂಗವೇ, ಅಕ್ಕ ಕಲಿಸಿದ ಹಾಗೆ. ಮಗನ ಪುಸ್ತಕ, ಗಂಡನ ಲ್ಯಾಪ್‌ಟಾಪು, ನನ್ನ ಹೊಸದು, ಎಲ್ಲವನ್ನೂ ದಶಮಿಯ ಬೆಳಿಗ್ಗೆ ಉತ್ತರಕ್ಕೆ ಸರಿಸಿ ಎತ್ತಿಕೊಳ್ಳುತ್ತೇವೆ. ಈ ಸಲ ಅವುಗಳ ಪಕ್ಕದಲ್ಲಿ ಆ ಹಳೆಯದನ್ನೂ ಕೂರಿಸುತ್ತೇನೆ. ಅದೊಂದನ್ನು ಮಾತ್ರ ಆ ದಿನ ತೆಗೆಯುವುದಿಲ್ಲ. ಅದಕ್ಕೆ ದಶಮಿ ನಾಳೆ.