ಮೇಲಿನ ಷಡ್ಜ

ಹಿರಿಯಡ್ಕದ ಶಾಲೆಯಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಸಂಗೀತ ಟೀಚರ್. ಒಂದು ದಿನ ಎಂಟನೆಯ ತರಗತಿಯ ಸಫಾ ಮೆಲ್ಲಗೆ ಹೇಳಿದಳು: "ಟೀಚರ್, ನಿಮ್ಮ ಮೇಲಿನ ಷಡ್ಜ ಸ್ವಲ್ಪ ಕೆಳಗೆ ನಿಲ್ತದೆ, ಅಲ್ವಾ?"

ಶ್ರುತಿಪೆಟ್ಟಿಗೆ ಇಟ್ಟುಕೊಂಡು ಮತ್ತೆ ಹಾಡಿದೆ. ನನಗೆ ಸರಿಯಾಗಿಯೇ ಕೇಳಿತು. ಆದರೆ ಮಕ್ಕಳು ಯಾರೂ ನನ್ನ ಮುಖ ನೋಡಲಿಲ್ಲ. ಕಿವಿ ಹೋದರೆ ಸಂಗೀತ ಟೀಚರಿಗೆ ಉಳಿಯುವುದೆಂತ?

ಯಾರಿಗೂ ಹೇಳದೆ ಮಣಿಪಾಲಕ್ಕೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದೆ. ಸದ್ದಿಲ್ಲದ ಆ ಚಿಕ್ಕ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂತಾಗ ನನ್ನ ಎದೆಬಡಿತವೇ ಜೋರಾಗಿ ಕೇಳುತ್ತಿತ್ತು. ಪರೀಕ್ಷೆ ಮಾಡಿದ ಹುಡುಗಿಗೆ ಕ್ಲಾಸಿನಲ್ಲಿ ನಡೆದದ್ದನ್ನು ಹೇಳಿದೆ.

"ಕಿವಿಗೆ ಎಂತದೂ ಆಗಲಿಲ್ಲ ಮೇಡಂ. ನೀವು ದಿನಾ ಅಭ್ಯಾಸ ಮಾಡ್ತೀರಾ?" ಎಂದಳು.

"ದಿನಾ ಐದು ಕ್ಲಾಸ್ ಉಂಟು."

"ಅದು ಮಕ್ಕಳ ಅಭ್ಯಾಸ ಅಲ್ವಾ? ನಿಮ್ಮದು?"

ನನ್ನ ಅಭ್ಯಾಸ ನಿಂತು ಎಷ್ಟು ವರ್ಷವಾಯಿತೆಂದು ಬೆರಳಲ್ಲಿ ಎಣಿಸತೊಡಗಿದೆ. ಕಿವಿಯ ತೊಂದರೆಯಾಗಿದ್ದರೆ ಔಷಧಿಯಾದರೂ ಇರುತ್ತಿತ್ತು ಎನಿಸಿ ಇನ್ನಷ್ಟು ಹೆದರಿಕೆಯಾಯಿತು.

ಈಗ ಪ್ರತಿ ಶನಿವಾರ ಕಡಿಯಾಳಿಯಲ್ಲಿ, ನನಗಿಂತ ಹನ್ನೆರಡು ವರ್ಷ ಚಿಕ್ಕವರಾದ ವಿದುಷಿಯೊಬ್ಬರ ಮುಂದೆ ಪಾಠಕ್ಕೆ ಕೂರುತ್ತೇನೆ. "ಈ ವಯಸ್ಸಿನಲ್ಲೂ ಕಲಿಯಲಿಕ್ಕೆ ಎಷ್ಟು ಆಸಕ್ತಿ ನೋಡಿ!" ಎಂದು ಹೆಡ್‌ಮಾಸ್ಟರು ಮೊನ್ನೆ ಸಭೆಯಲ್ಲಿ ಹೊಗಳಿದರು. ಹೆದರಿಕೆಗೆ ಇಷ್ಟು ಒಳ್ಳೆಯ ಹೆಸರು ಉಂಟೆಂದು ನನಗೆ ಗೊತ್ತಿರಲಿಲ್ಲ.