ಅಮ್ಮನವರ ಬೂಟು

ನನ್ನ ಬೂಟುಗಳ ಪರೀಕ್ಷೆಗೆ ಮೂರು ದಿನ ನಿಗದಿಯಾಗಿತ್ತು. ಪರೀಕ್ಷಕರು ನನ್ನ ಸೋದರಮಾವ. ಅರಣ್ಯ ಇಲಾಖೆಯಿಂದ ನಿವೃತ್ತರಾದವರು. ಬೂಟು ಗೆದ್ದರೆ ನಾನು ಯಳಂದೂರಿನ ಕೆಲಸಕ್ಕೆ ಸೇರಬಹುದು, ಸೋತರೆ ಕೊಳ್ಳೇಗಾಲದ ಮನೆಯಲ್ಲೇ ಇರಬೇಕು. ಇದು ಅಪ್ಪ ಹಾಕಿದ ಷರತ್ತು.

ಕೆಲಸವೆಂದರೆ ಹಳ್ಳಿಯಿಂದ ಹಳ್ಳಿಗೆ ನಡೆದು, ಹೆಣ್ಣುಮಕ್ಕಳ ಶಾಲೆಗಳನ್ನು ನೋಡಿ ವರದಿ ಬರೆಯುವುದು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದಿದ್ದ ನನಗೆ ವರದಿಯ ಭಯವಿರಲಿಲ್ಲ. ಅಪ್ಪನ ತಕರಾರೂ ವರದಿಯದಲ್ಲ, ಕಾಲಿನದು.

“ಯಳಂದೂರು ಸೀಮೆ ಮುಳ್ಳು ನಿಂಗೊತ್ತಿಲ್ಲ ಕಣವ್ವ. ಮೈಸೂರ್ನಾಗೆ ಕಾಲ್ಗೂ ಪಾಠ ಯೋಳ್ಕೊಟ್ರಾ?” ಎಂದಿದ್ದರು.

ಆದ್ದರಿಂದ ಬೂಟು. ಹೆಂಗಸರ ಬೂಟೆಂಬುದನ್ನು ನಮ್ಮೂರಿನಲ್ಲಿ ಯಾರೂ ಕಂಡಿರಲಿಲ್ಲ. ಕಾಗದದ ಮೇಲೆ ನನ್ನ ಪಾದಗಳ ಗೆರೆಯನ್ನು ನಾನೇ ಎಳೆದುಕೊಂಡು, ಯಾರದೆಂದು ಬರೆಯದೆ, ಮಾವನ ಕೈಲಿ ಚಪ್ಪಲಿ ಹೊಲಿಯುವವನಿಗೆ ಕಳಿಸಿದೆ. ಹತ್ತು ದಿನಕ್ಕೆ ಬಂತು: ದಪ್ಪ ಚರ್ಮ, ಲಾರಿ ಟೈರಿನ ಅಟ್ಟೆ, ಮೀನಖಂಡದ ಅರ್ಧಕ್ಕೆ ಬರುವಷ್ಟು ಲೇಸು. “ಹುಡುಗ ಬೆಳೀತಾನೆ ಅಂತ ಒಸಿ ದೊಡ್ಡದೇ ಮಾಡಿವ್ನಿ” ಎಂದನಂತೆ.

ಮಾವ ಪರೀಕ್ಷೆಗೆ ಆರಿಸಿದ್ದು ಬಿಳಿಗಿರಿ ಬೆಟ್ಟದ ತಪ್ಪಲಿನ ಒಂದು ಹುಣಸೆ ತೋಪು. ಹಿಂದೆ ಸಾಹೇಬರುಗಳು ಸರ್ಕೀಟು ಬಂದಾಗ ಡೇರೆ ಹಾಕುತ್ತಿದ್ದ ಜಾಗ. ಪಕ್ಕದಲ್ಲಿ ಹಳ್ಳ, ಆಚೆಗೆ ಬೆಟ್ಟಕ್ಕೆ ಹೋಗುವ ದಾರಿ. ಅಲ್ಲಿ ನಮ್ಮಿಬ್ಬರ ಹೊರತು ಯಾರೂ ಇರಲಿಲ್ಲ. ಮಾವ ತಮ್ಮ ಹಳೆಯ ಡೇರೆಯನ್ನು ನನಗೆ ಕೊಟ್ಟು, ತಾವು ಮರದಡಿಯಲ್ಲಿ ಮಂಚ ಹಾಕಿಕೊಂಡರು.

ಮೊದಲ ದಿನ ಡೇರೆಯ ಸುತ್ತ ನೂರು ಸುತ್ತು. ಲೆಕ್ಕ ತಪ್ಪದಿರಲೆಂದು ಮಾವ ಸುತ್ತಿಗೊಂದು ಹುಣಸೆ ಬೀಜವನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಜಾಲಿ ಮುಳ್ಳನ್ನು ಆರಿಸಿ ತಂದು, ಚಾಪೆಯಂತೆ ಹರಡಿ, ತುಳಿ ಎಂದರು. ತುಳಿದೆ. ಅವರು ಕುಕ್ಕುರುಗಾಲಿನಲ್ಲಿ ಕೂತು ಕಿವಿ ಕೊಟ್ಟರು.

“ಚುರ್ ಅಂತು. ನಿಂಗಾ, ಬೂಟ್ಗಾ?”

“ಬೂಟಿಗೆ, ಮಾವ.”

“ಮುಳ್ಳು: ಬೂಟಿಗೆ ಮಾತ್ರ ನೋವು” ಎಂದು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದರು.

ನಾನು ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಐವತ್ತನೆಯ ಸುತ್ತಿನ ಹೊತ್ತಿಗೇ ಬೂಟು ಕಚ್ಚಿತ್ತು. ಎರಡೂ ಹಿಮ್ಮಡಿಯಲ್ಲಿ ನಾಲ್ಕಾಣೆಯಷ್ಟು ಅಗಲದ ಬೊಬ್ಬೆ. ಮಾವನಿಗೆ ತಿಳಿದರೆ ಅದೂ ನೋಟ್‌ಬುಕ್ಕಿಗೆ ಹೋಗುತ್ತದೆ, ಅಲ್ಲಿಂದ ಅಪ್ಪನಿಗೆ. ಡೇರೆಯೊಳಗೆ ಹರಳೆಣ್ಣೆ ಹಚ್ಚಿಕೊಂಡು ಸುಮ್ಮನಾದೆ.

ಎರಡನೆಯ ದಿನ ನೀರಿನ ಪರೀಕ್ಷೆ. ಹಳ್ಳದಲ್ಲಿ ಅರ್ಧ ಗಂಟೆ ನಿಲ್ಲಿಸಿದರು. ಹೊರಗೆ ಬಂದಾಗ ಬೂಟಿನೊಳಗಿನ ನೀರು ಹೊರಗೆ ಬರಲಿಲ್ಲವಾದ್ದರಿಂದ “ಸೋರುವುದಿಲ್ಲ” ಎಂದು ಬರೆದರು. ಬೂಟು ಕಳಚಿ ನೀರು ಚೆಲ್ಲಿದೆ. ಅವರು ಉಳಿದ ಹರಳೆಣ್ಣೆಯನ್ನೆಲ್ಲ ಅದಕ್ಕೆ ಸವರಿ, ಚಪ್ಪಟೆ ಕಲ್ಲಿನ ಮೇಲೆ ಮುತ್ತುಗದ ಎಲೆ ಹಾಸಿ, ಮೂತಿ ಬೆಟ್ಟದ ಕಡೆಗೆ ಬರುವಂತೆ ಒಣಗಲಿಟ್ಟರು. ಊಟವಾಯಿತು. ಇಬ್ಬರೂ ಒಂದು ಜಾವ ಮಲಗಿದೆವು.

ಎದ್ದದ್ದು ತೆಂಗಿನಕಾಯಿ ಒಡೆದ ಸದ್ದಿಗೆ.

ಹೊರಗೆ ಬಂದು ನೋಡಿದರೆ ಅಗರ ಹಳ್ಳಿಯ ಕಡೆಯಿಂದ ಬೆಟ್ಟಕ್ಕೆ ಹೊರಟಿದ್ದ ಹತ್ತು ಹನ್ನೆರಡು ಜನ ಕಲ್ಲಿನ ಸುತ್ತ ನಿಂತಿದ್ದರು. ಬೂಟುಗಳಿಗೆ ಅರಿಶಿನ ಕುಂಕುಮ ಬಿದ್ದಿತ್ತು, ಲೇಸಿನ ಕಣ್ಣುಗಳಲ್ಲಿ ಮಲ್ಲಿಗೆ ಸಿಕ್ಕಿಸಿತ್ತು. ಬೆಟ್ಟದ ರಂಗಸ್ವಾಮಿ ಕಾಡು ಸುತ್ತಿ ಸುತ್ತಿ ಅವನ ಚರ್ಮದ ಪಾದರಕ್ಷೆ ಸವೆಯುತ್ತದೆ, ಭಕ್ತರು ಹೊಸದನ್ನು ಹೊಲಿದು ಒಪ್ಪಿಸುತ್ತಾರೆ, ಅದನ್ನು ತಲೆಗೆ ತಾಕಿಸಿಕೊಂಡರೆ ಕಷ್ಟ ಕಳೆಯುತ್ತದೆ. ಇದು ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಎಣ್ಣೆ ಮಜ್ಜನವಾಗಿ, ಎಲೆಯ ಮೇಲೆ, ಬೆಟ್ಟಕ್ಕೆ ಮುಖ ಮಾಡಿ ಕೂತಿರುವ ಪಾದರಕ್ಷೆ ಇನ್ಯಾರದಾಗಿದ್ದೀತು?

“ಸ್ವಾಮಿ ಪಾದ ಇಷ್ಟೇ ಇಷ್ಟಾ?” ಎಂದೊಬ್ಬ ಅನುಮಾನಿಸಿದ.

“ಲೇ, ಇದು ಅಮ್ಮನೋರ್ದು ಕಣ್ಲಾ” ಎಂದಳು ಗುಂಪಿನ ಹಿರಿಯ ಮುದುಕಿ. “ಕಾಡ್ನಾಗೆ ಅವ್ನೊಬ್ನೇ ಅಲೀಬೇಕಾ? ಅಮ್ಮನ್ಗೂ ತಿರುಗ್ಬೇಕು ಅನ್ನಿಸಾಕಿಲ್ವಾ?” ಬೂಟನ್ನು ಎತ್ತಿ ಅಟ್ಟೆ ನೋಡಿದಳು. “ನೋಡು, ಮುಳ್ಳು ತುಳ್ದವ್ಳೆ. ಆಗ್ಲೇ ಒಂದ್ ಸುತ್ತು ಓಗಿ ಬಂದವ್ಳೆ ನಮ್ಮವ್ವ!”

ಮಾವ ಬಾಯಿ ತೆರೆದರು. ಅಷ್ಟರಲ್ಲಿ ಮುದುಕಿ ತಲೆ ಬಾಗಿಸಿ ಎದುರಿಗೆ ನಿಂತಿದ್ದಳು. “ನೀವೇ ಓತ್ಕಂಡ್ ಬಂದೋರಾ ಸಾ? ಮುಟ್ಟಿಸ್ಬುಡಿ.” ಮೂವತ್ತು ವರ್ಷ ಕಾಡುಗಳ್ಳರನ್ನು ಗದರಿಸಿದ್ದ ಮನುಷ್ಯ ನನ್ನ ಎಡಗಾಲಿನ ಬೂಟನ್ನು ಎತ್ತಿ ಅವಳ ತಲೆಗೆ ಮೆಲ್ಲಗೆ ತಾಕಿಸಿದರು. ಆಮೇಲೆ ಸಾಲು ನಿಂತಿತು. ಮಾವ ಒಬ್ಬೊಬ್ಬರಿಗೂ ಒಂದೊಂದು ಹುಣಸೆ ಬೀಜ ತಮ್ಮ ಜೇಬಿಗಿಳಿಸಿದ್ದನ್ನು ನಾನು ಕಂಡೆ. ಅಭ್ಯಾಸ.

ಮುದುಕಿ ನನ್ನ ಕಾಲು ನೋಡಿದಳು. “ಬರಿಗಾಲ್ನಾಗೆ ಬಂದ್ಯಾ ಮಗಾ? ಅರಕೆನಾ?”

“ಹೂಂ” ಎಂದೆ. ನನಗೆ ಆ ದಿನ ತೋಚಿದ್ದು ಅಷ್ಟೇ.

ಅವರು ಬೆಟ್ಟದ ದಾರಿ ಹಿಡಿದ ಮೇಲೆ ನಾನು ಬೂಟಿಗೆ ಕೈ ಚಾಚಿದೆ. ಮಾವ ತಡೆದರು. ದೇವರು ದಿಂಡರು ತಮಗೆ ಇಲ್ಲವೆಂದು ಹೇಳಿಕೊಂಡೇ ಇದ್ದವರು.

“ಕುಂಕುಮ ಬಿದ್ದೈತೆ. ಎಂಗವ್ವಾ ಮೆಟ್ಟೀಯಾ?”

ಹಾಗಾಗಿ ಮೂರನೆಯ ದಿನದ ಪರೀಕ್ಷೆ ನಡೆಯಲಿಲ್ಲ. ಮಾವ ಬೂಟುಗಳನ್ನು ಟವಲಿನಲ್ಲಿಟ್ಟು ತಲೆಯ ಮೇಲೆ ಹೊತ್ತು ಮುಂದೆ, ನಾನು ಬರಿಗಾಲಿನಲ್ಲಿ ಹಿಂದೆ, ಯಳಂದೂರಿನವರೆಗೆ. ಹಿಮ್ಮಡಿಗೆ ಗಾಳಿ ತಾಗಿ ಎಷ್ಟು ಹಿತವಾಗಿತ್ತೆಂದರೆ, ದಾರಿ ಬೇಗ ಮುಗಿದುಬಿಟ್ಟಿತೆನಿಸಿತು. ಬಸ್ಸಿನಲ್ಲಿ ಯಾರೋ ಎದ್ದು ಬೂಟುಗಳಿಗೆ ಜಾಗ ಬಿಟ್ಟರು. ನಾನು ನಿಂತಿದ್ದೆ.

ಜಗುಲಿಯ ಮೇಲಿದ್ದ ಅಪ್ಪ ಎಲ್ಲವನ್ನೂ ಕೇಳಿದರು. ಬಾಡಿದ ಮಲ್ಲಿಗೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ “ಕಾಲ್ ತೋರ್ಸು” ಎಂದರು. ಅಂಗಾಲು ತೋರಿಸಿದೆ. ಒಂದು ಮುಳ್ಳೂ ಇರಲಿಲ್ಲ. ಹಿಮ್ಮಡಿಯನ್ನು ಅವರು ಕೇಳಲಿಲ್ಲ.

“ಬೂಟ್ ಪಾಸಾ ಬಾವ?”

“ಬೂಟೂ ಪಾಸು, ಕಾಲೂ ಪಾಸು” ಎಂದರು ಮಾವ.

“ಅಮ್ಮನೋರೇ ಕಾಡು ಸುತ್ತೋವಾಗ ನಾನ್ಯಾವನು ಬ್ಯಾಡ ಅನ್ನಾಕೆ. ಓಗ್ಬಾ ಮಗ” ಎಂದು ಅಪ್ಪ ಎದ್ದು ಒಳಗೆ ಹೋದರು.

ಆದರೆ ಚರ್ಮ ನಮ್ಮ ದೇವರಮನೆಗೆ ಬರುವಂತಿಲ್ಲ, ಪೂಜೆಯಾದದ್ದು ಚಪ್ಪಲಿ ಬಿಡುವ ಮೂಲೆಯಲ್ಲಿ ಇರುವಂತಿಲ್ಲ. ನನ್ನಮ್ಮ ಎರಡು ದಿನ ಯೋಚಿಸಿ, ನಡುಮನೆಯ ಗೋಡೆಗೆ ಹೊಸ ಹಲಗೆ ಹೊಡೆಸಿ, ಕೆಂಪು ಬಟ್ಟೆ ಹಾಸಿ ಕೂರಿಸಿದಳು. ಈಗ ಎರಡು ವರ್ಷವಾಯಿತು. ನಾನು ಸೋಮವಾರ ಸೋಮವಾರ ಹಳೆಯ ಚಪ್ಪಲಿಯಲ್ಲಿ ಕೆಲಸಕ್ಕೆ ಹೊರಡುತ್ತೇನೆ. “ಬೂಟ್ಗೆ ಕೈಮುಗ್ದು ಓಗು” ಎಂದು ಅಮ್ಮ ಅಡುಗೆಮನೆಯಿಂದ ಕೂಗುತ್ತಾಳೆ. ಮುಗಿಯುತ್ತೇನೆ. ಅಷ್ಟು ದೂರದಿಂದ ಅದು ಕಚ್ಚುವುದಿಲ್ಲ.